ನೀಲಗಿರಿ ಎಲೆಯ ಬಾಟಲಿ

ನಮ್ಮ ಮನೆಯಲ್ಲಿ ವೈನನ್ನು ಯಾರೂ ಕುಡಿಯುವುದಿಲ್ಲ. ಮಾಡುತ್ತೇವೆ, ಮೂಸುತ್ತೇವೆ, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಬಕೆಟ್ಟಿಗೆ ಉಗಿಯುತ್ತೇವೆ. ಆಮೇಲೆ ತೊಟ್ಟಿಯ ಹತ್ತಿರ ಬಾಯಿ, ಕೈಕಾಲು ತೊಳೆದುಕೊಂಡು ಒಳಗೆ ಬಂದು ಮುದ್ದೆ ಉಣ್ಣುತ್ತೇವೆ. ಇದು ನಮ್ಮ ಮಾವ ಆವಲಪ್ಪನವರು ಹಾಕಿದ ಕಟ್ಟಳೆ. ಮನೆದೇವರು ತಿರುಪತಿ ವೆಂಕಟರಮಣ. ದೊಡ್ಡ ಮಗ ತಾನು ಬೆಳೆದ ದ್ರಾಕ್ಷಿಯಲ್ಲಿ ವೈನ್ ಮಾಡುತ್ತೇನೆ ಎಂದಾಗ ಮಾವ ಮೂರು ದಿನ ಯೋಚನೆ ಮಾಡಿ, "ಮಾಡ್ಕೋ, ಮಾರ್ಕೋ. ಆದ್ರೆ ಒಂದು ತೊಟ್ಟು ಗಂಟಲಿಂದ ಕೆಳಕ್ಕೆ ಇಳೀಬಾರ್ದು, ಒಂದು ತೊಟ್ಟು ಹೊಸ್ತಿಲು ದಾಟಬಾರ್ದು" ಎಂದರು. ಬೆಂಗಳೂರಿನಿಂದ ಬರುವ ಗಿರಾಕಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಬಳೆ ಮಾರುವವನು ಬಳೆ ತೊಟ್ಟುಕೊಂಡು ತಿರುಗುತ್ತಾನೆಯೇ?

ಈಗ ಬರುವವರು ನಗುವುದಕ್ಕಲ್ಲ, ಎಲೆ ನೋಡುವುದಕ್ಕೆ ಬರುತ್ತಾರೆ. ನಮ್ಮ ಹೊಸ ಬಾಟಲಿಯ ಮೇಲೆ ಕುಡುಗೋಲಿನ ಹಾಗೆ ಬಾಗಿದ ಒಂದು ಹಸಿರು ಎಲೆಯ ಚಿತ್ರವಿದೆ. ಅದರ ಕೆಳಗೆ ನನ್ನ ಗಂಡನ ಹೆಸರಿದೆ, ಇಂಗ್ಲಿಷಿನಲ್ಲಿ. ಎಲೆ ನೀಲಗಿರಿಯದು. ಅವರು ಬದುಕಿದ್ದಿದ್ದರೆ ಆ ಬಾಟಲಿಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸುತ್ತಿದ್ದರು. ಬದುಕಿರುವವಳು ನಾನು. ಒರೆಸಿ ಒರೆಸಿ ಸಾಲಾಗಿ ಜೋಡಿಸಿಡುತ್ತಿದ್ದೇನೆ.

ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಸುತ್ತ ಎಲ್ಲರದೂ ಮಾವು. ನಮ್ಮದು ಒಂದು ಕಾಲಕ್ಕೆ ಆರು ಎಕರೆ ನೀಲಗಿರಿ. ಮಾವನೇ ನೆಡಿಸಿದ್ದು. ಆಳು ಬೇಡ, ಕಾವಲು ಬೇಡ, ಏಳೆಂಟು ವರ್ಷಕ್ಕೊಮ್ಮೆ ಲಾರಿ ಬಂದು ಕಡಿದುಕೊಂಡು ಹೋಗುತ್ತದೆ ಎಂದು ಆಗ ಬಹಳ ಜನ ನೆಡಿಸುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮನೆ ಮುಂದಿನ ಬಾವಿಗೆ ಹಗ್ಗ ಮಾತ್ರ ಇತ್ತು, ನೀರಿರಲಿಲ್ಲ. "ನಮ್ಮ ಬಾವಿ ನೀರೆಲ್ಲ ಆ ಗಿಡಗಳ ಹೊಟ್ಟೇಲಿದೆ" ಎನ್ನುತ್ತಿದ್ದರು ನಮ್ಮನೆಯವರು. ಅವರ ಹೆಸರು ವೆಂಕಟರಮಣಪ್ಪ. ಮಾವ ಒಪ್ಪುತ್ತಿರಲಿಲ್ಲ. "ಮಳೆ ಬರ್ದಿದ್ರೆ ಗಿಡ ಏನ್ ಮಾಡ್ತದೆ? ಅದೇನು ಪಾಪ ಮಾಡೈತೆ?" ಎನ್ನುತ್ತಿದ್ದರು.

ಒಂದು ಬೇಸಿಗೆ ನಮ್ಮನೆಯವರು ಅಪ್ಪನನ್ನು ಕೇಳದೆ ಜೆಸಿಬಿ ತರಿಸಿಬಿಟ್ಟರು. ಜೊತೆಗೆ ನಿಂತವನು ಲಿಯಾಖತ್. ಶ್ರೀನಿವಾಸಪುರದವನು, ಅಪ್ಪನ ಕಾಲದಿಂದ ಮಾವಿನ ತೋಪು ಗುತ್ತಿಗೆ ಹಿಡಿಯುವ ಮನೆಯವನು, ಗಿಡಮರದ ಕೆಲಸದಲ್ಲಿ ಪಳಗಿದ ಕೈ. ಇಬ್ಬರೂ ಸೇರಿ ಬುಡ ಬುಡ ಕೀಳಿಸಿದರು. ಮಾವ ಆ ದಿನ ಊಟ ಬಿಟ್ಟರು, ಆ ಮೇಲೆ ಎರಡು ವರ್ಷ ಮಗನ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಒಲೆ. ಮಗ ಎದುರಿಗೇ ಕೂತು ಉಣ್ಣುತ್ತಿದ್ದರೂ "ಅವನಿಗೆ ಸಾರು ಬೇಕಾ ಕೇಳಮ್ಮ" ಎಂದು ನನಗೆ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ಅವರು ಬೇಕು ಎನ್ನುತ್ತಿದ್ದರು. ಎರಡು ವರ್ಷ ಆ ಇಬ್ಬರ ನಡುವೆ ನಾನು ಸೌಟಿನ ಹಾಗೆ ಓಡಾಡಿದೆ.

ಕಿತ್ತ ಜಾಗದಲ್ಲಿ ಶಿರಾಜ್ ದ್ರಾಕ್ಷಿಯ ಬಳ್ಳಿ ಬಂತು. ಎರಡು ವರ್ಷ ಕಳೆದ ಮೇಲೆ ಬಾವಿಯ ತಳದಲ್ಲಿ ಒಂದು ಚೊಂಬು ಮುಳುಗುವಷ್ಟು ನೀರು ಕಂಡಿತು. ಅಂದು ಮಾವ ಬಾವಿಯೊಳಗೆ ಬಗ್ಗಿ ನೋಡಿ, ಯಾರ ಮುಖವನ್ನೂ ನೋಡದೆ, "ಹೂಂ" ಎಂದರು. ಅಪ್ಪ ಮಗ ಮಾತಾಡಲು ಶುರುಮಾಡಿದ್ದು ಆ ದಿನ. ಆದರೆ ತಪ್ಪು ತನ್ನದು ಎಂದು ಮಾವ ಎಂದೂ ಹೇಳಲಿಲ್ಲ.

ನೀಲಗಿರಿಯ ಮೇಲಿನ ನಮ್ಮನೆಯವರ ಸಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ರಸ್ತೆಯಾಚೆ ಬೇರೆಯವರ ನೀಲಗಿರಿ ತೋಪಿದೆ. ಆ ಎಲೆಯ ಎಣ್ಣೆ ಗಾಳಿಯಲ್ಲಿ ಬಂದು ದ್ರಾಕ್ಷಿಯ ಸಿಪ್ಪೆಯ ಮೇಲೆ ಕೂತರೆ ವೈನಿಗೆ ಅದೇ ವಾಸನೆ ಹತ್ತುತ್ತದೆ ಎಂದು ಎಲ್ಲೋ ಓದಿಕೊಂಡು, ಆ ಕಡೆಯ ನಾಲ್ಕು ಸಾಲಿನ ಹಣ್ಣನ್ನು ಅವರು ಯಾವತ್ತೂ ವೈನಿಗೆ ಹಾಕಲಿಲ್ಲ. ಹಸುಗಳಿಗೆ ಹಾಕಿಸುತ್ತಿದ್ದರು. ಬೇಲಿಯ ಮೂಲೆಯಲ್ಲಿ ಬಂಡೆಗೆ ಬೇರು ಕೊಟ್ಟ ಒಂದು ಮೋಟು ಮಾತ್ರ ಜೆಸಿಬಿಗೂ ಬಗ್ಗದೆ ಉಳಿದಿತ್ತು. ಅದು ಚಿಗುರುತ್ತಲೇ ಇತ್ತು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಮಚ್ಚು ಹಿಡಿದುಕೊಂಡು ಹೋಗಿ ಅದರ ಚಿಗುರನ್ನು ಸವರಿ ಬಂದ ಮೇಲೇ ಅವರ ತಿಂಡಿ.

ನಾನು ಮಾಸ್ತಿಯವಳು. ಮದುವೆಗೆ ಮುಂಚೆ ನಮ್ಮೂರಿನ ಹಾಲಿನ ಡೇರಿಯಲ್ಲಿ ಕ್ಯಾನು ಮೂಸುವ ಕೆಲಸ ನನ್ನದು. ಎಂಬತ್ತು ಮನೆಯವರು ಹಾಲು ತಂದರೆ ಎಂಬತ್ತು ಮುಚ್ಚಳ ತೆಗೆದು ಮೂಸಬೇಕು. ಯಾವ ಹಾಲು ಇನ್ನೆರಡು ಗಂಟೆಯಲ್ಲಿ ಒಡೆಯುತ್ತದೆ, ಯಾವ ಹಸು ಬೇವಿನ ಸೊಪ್ಪಿಗೆ ಬಾಯಿ ಹಾಕಿದೆ, ಯಾರು ಪಾತ್ರೆಯನ್ನು ನೆಟ್ಟಗೆ ತಿಕ್ಕಿಲ್ಲ ಎಂಬುದು ಮುಚ್ಚಳ ಎತ್ತಿದ ಕೂಡಲೇ ತಿಳಿಯುತ್ತಿತ್ತು. ಮೊದಲ ವರ್ಷ ವೈನ್ ಮಾಡಿದಾಗ ನಮ್ಮನೆಯವರು ಐದು ಗ್ಲಾಸು ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತೇ "ಮೂರನೇದು ಹುಳಿಗೆ ತಿರುಗ್ತಿದೆ" ಎಂದೆ. ತಿರುಗಿತು. ಅಂದಿನಿಂದ "ಕೈ ನಂದು, ಮೂಗು ನಿಂದು" ಎನ್ನುತ್ತಿದ್ದರು. ತೋಟದ ಗೇಟಿನ ಬೋರ್ಡಿನಲ್ಲಿ ಕುಟುಂಬದ ಎಸ್ಟೇಟು ಎಂದು ಬರೆದು ಅಪ್ಪನ ಹೆಸರು, ಇಬ್ಬರು ಮಕ್ಕಳ ಹೆಸರು ಹಾಕಿಸಿದ್ದಾರೆ. ಮೂಗಿನ ಹೆಸರು ಹಾಕಿಸಿಲ್ಲ. ಅದಕ್ಕೆ ಆಗ ನನಗೆ ಬೇಸರವೂ ಇರಲಿಲ್ಲ, ಹೇಳುವವರು ಮನೆಯಲ್ಲೇ ಇದ್ದರು.

ಕೊನೆಯ ಸುಗ್ಗಿ ಫೆಬ್ರವರಿಯಲ್ಲಿ ಆಯಿತು. ಆ ವರ್ಷದ ಹಣ್ಣು ಎಂದೂ ಇಲ್ಲದ ಹಾಗೆ ಬಂದಿತ್ತು, ಸಣ್ಣದು, ಗಟ್ಟಿ, ಕಡು ಕಪ್ಪು. ನಡುವಿನ ಸಾಲುಗಳ ಹಣ್ಣನ್ನು ಬೇರೆ ಇಟ್ಟು, ಬೇರೆ ಹುದುಗಿಸಿ, ಒಂದೇ ಒಂದು ಮರದ ಪೀಪಾಯಿಗೆ ತುಂಬಿಸಿದರು. "ಇದಕ್ಕೆ ಏನೂ ಬೆರೆಸೋದು ಬೇಡ ಸುನಂದ. ನಮ್ಮ ಮಣ್ಣು ಹೆಂಗಿರ್ತದೆ ಅಂತ ಒಂದು ಸಲ ನೋಡಾಣ. ಎರಡನೇ ದಸರಾ ಕಳೀಲಿ, ಆಮೇಲೆ ಬಾಟ್ಲಿಗೆ ಇಳಿಸಾಣ" ಎಂದರು. ಯುಗಾದಿ ಕಳೆದು ಹದಿನೈದು ದಿನಕ್ಕೆ ಬೋರ್‌ವೆಲ್ ಹತ್ತಿರ ಡ್ರಿಪ್ ಪೈಪು ಸರಿಮಾಡುತ್ತಿದ್ದವರು ಹಾಗೇ ಪಕ್ಕಕ್ಕೆ ಒರಗಿದರು. ಲಿಯಾಖತ್ ಎತ್ತಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಉಸಿರಿರಲಿಲ್ಲ. ಐವತ್ತೊಂದು ವರ್ಷ.

ನಮಗೆ ಮಕ್ಕಳಿಲ್ಲ. ಇದನ್ನು ಮರುಕಕ್ಕಾಗಿ ಹೇಳುತ್ತಿಲ್ಲ. ಅವರದು ಎಂದು ಈ ಭೂಮಿಯ ಮೇಲೆ ಉಳಿದದ್ದು ಆ ಪೀಪಾಯಿ ಒಂದೇ ಎಂಬುದು ತಿಳಿಯಲಿ ಎಂದು ಹೇಳಿದೆ. ತಿಂಗಳಿಗೊಮ್ಮೆ ಬಿರಡೆ ತೆಗೆದು, ಗಾಜಿನ ಕೊಳವೆಯಲ್ಲಿ ನಾಲ್ಕು ತೊಟ್ಟು ಎಳೆದು ಮೂಸುತ್ತಿದ್ದೆ, ಮೂಸಿ ಬಿರಡೆ ಬಡಿಯುತ್ತಿದ್ದೆ. ಮೊದಲು ಬರೀ ನೇರಳೆ ಹಣ್ಣು. ಆರು ತಿಂಗಳಾದ ಮೇಲೆ ಮೆಣಸು. ಒಂದು ವರ್ಷ ಕಳೆದ ಮೇಲೆ ಮೊದಲ ಮಳೆ ಬಿದ್ದಾಗ ನಮ್ಮ ತೋಟದ ಕೆಮ್ಮಣ್ಣಿನಿಂದ ಏಳುತ್ತದಲ್ಲ, ಆ ವಾಸನೆ. ತೋಟದಿಂದ ಬಂದು ಅವರು ಅಂಗಿ ಬಿಚ್ಚಿದಾಗ ಅದೇ ವಾಸನೆ ಇರುತ್ತಿತ್ತು. ಶೆಡ್ಡಿನಲ್ಲಿ ಒಬ್ಬಳೇ ನಿಂತು ಎಷ್ಟೋ ಸಲ ಅತ್ತಿದ್ದೇನೆ. ಅದು ಸುಖದ ಅಳು.

ನಾನು ಬಯಸಿದ್ದು ಇಷ್ಟೇ. ಆ ಪೀಪಾಯಿ ಇದ್ದ ಹಾಗೇ ಬಾಟಲಿಗೆ ಇಳಿಯಬೇಕು, ಮೇಲೆ ಬಿಳಿ ಕಾಗದದಲ್ಲಿ ಅವರ ಹೆಸರಿರಬೇಕು. ಮಾರಾಟ ನೋಡಿಕೊಳ್ಳುವ ನನ್ನ ಮೈದುನ ಅನಿಲ್‌ಕುಮಾರ್ ಒಪ್ಪಿದ. "ಆಯ್ತು ಅತ್ತಿಗೆ, ನೀವು ಹೆಂಗೆ ಹೇಳ್ತೀರೋ ಹಂಗೇ" ಎಂದ. ಕನ್ನಡದಲ್ಲಿ ಹೆಸರು ಬರೆದು ಕೊಟ್ಟೆ. ಡೇರಿಯ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆ ದುಂಡಗೆ ಬರೆದಿದ್ದೆ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮುಚ್ಚಳವಿರುವುದೆಲ್ಲ ತೆರೆದಿರಬೇಕು. ರಾಗಿ ಡ್ರಮ್ಮು, ಬೀರು, ಟ್ರಂಕು, ಮೋಟರಿನ ಪೆಟ್ಟಿಗೆ, ಟ್ರ್ಯಾಕ್ಟರಿನ ಬಾನೆಟ್ಟು. ಒಂದೊಂದರ ಬಾಯಿಗೂ ಒಂದೊಂದು ಹನಿ ತೀರ್ಥ. ಮುಚ್ಚಿದ ಬಾಯಿಗೆ ದೇವರು ಹೇಗೆ ಉಣಿಸುತ್ತಾನೆ ಎನ್ನುವುದು ಮಾವನ ಮಾತು. ಪೀಪಾಯಿಗಳ ಹತ್ತಿರ ಬಂದಾಗ ಮಾತ್ರ ನಮ್ಮನೆಯವರು ಅಡ್ಡ ನಿಂತು, "ಅದು ನಿದ್ದೆ ಮಾಡ್ತಿದೆ ಅಪ್ಪಾ, ಏಳಿಸ್ಬೇಡಿ. ಹೊರಗಿಂದಾನೇ ಕುಂಕುಮ ಇಡಿ" ಎನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ಮಾವನ ಅದೇ ಗೊಣಗು. ನಮ್ಮನೆಯವರು ತೀರಿಕೊಂಡ ವರ್ಷ ಸಾವಿನ ಮನೆಯೆಂದು ಹಬ್ಬ ಮಾಡಲಿಲ್ಲ. ಎರಡನೇ ದಸರಾಕ್ಕೆ ಮಾಡಿದೆವು. ಅಡ್ಡ ನಿಲ್ಲುವವರು ಇರಲಿಲ್ಲ.

ನಾನು ನಿಲ್ಲಬಹುದಿತ್ತು. ಶೆಡ್ಡಿಗೂ ಅಡುಗೆಮನೆಗೂ ನಡುವೆ ಇರುವುದು ಐವತ್ತು ಹೆಜ್ಜೆ. ಆದರೆ ಗಂಡ ಹೋದವಳು ಪೂಜೆಯ ಮುಂದೆ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ಅನಿಲನ ಹೆಂಡತಿ ಆರತಿಯ ತಟ್ಟೆ ಎತ್ತಿಕೊಂಡು ನನ್ನ ಮುಂದೆಯೇ ಹೋದಳು, ನಾನು ಕಡಲೆಕಾಳಿಗೆ ಒಗ್ಗರಣೆ ಹಾಕುತ್ತಾ ಕೂತೆ. ಹದಿನೆಂಟು ತಿಂಗಳು ಆ ಪೀಪಾಯಿಯನ್ನು ಕಾದವಳು ಆ ಒಂದು ಗಂಟೆ ಕಾಯಲಿಲ್ಲ. ಪದ್ಧತಿ ಮಾಡಿದವರನ್ನು ಬೈಯುತ್ತೇನೆ, ಅದಕ್ಕಿಂತ ಹೆಚ್ಚಾಗಿ ಎದ್ದು ಹೋಗದ ನನ್ನ ಕಾಲುಗಳನ್ನು ಬೈಯುತ್ತೇನೆ.

ಮಾರನೆಯ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಒಳಗಿಂದ ಬಂದದ್ದು ದೇವರಮನೆಯ ವಾಸನೆ. ಪೀಪಾಯಿಗೆ ಚೆಂಡುಹೂವಿನ ಹಾರ, ಮೂರು ಗೆರೆಯ ನಾಮ. ಬಿರಡೆ ಪಕ್ಕದಲ್ಲಿ ಬಾಳೆಲೆಯ ಮೇಲೆ ಮಲಗಿತ್ತು. ರಾತ್ರಿಯೆಲ್ಲ ಅದು ಬಾಯಿ ತೆರೆದುಕೊಂಡೇ ಇತ್ತು. ಕೊಳವೆ ಇಳಿಸಿ ಎಳೆದು ಮೂಗಿನ ಹತ್ತಿರ ತಂದೆ. ಪಚ್ಚಕರ್ಪೂರ. ಪ್ರತಿ ಶನಿವಾರ ಮಾವ ತೀರ್ಥಕ್ಕೆ ಹಾಕುವ, ತಿರುಪತಿಯಿಂದ ತಂದ ಪಚ್ಚಕರ್ಪೂರ. ಬಾಯಿಗೆ ಹಾಕಿಕೊಂಡೆ. ನಾಲಿಗೆ ತಣ್ಣಗಾಯಿತು, ಗಂಟಲು ತಣ್ಣಗಾಯಿತು. ನೇರಳೆ ಎಲ್ಲೋ ದೂರದಲ್ಲಿತ್ತು. ಮಣ್ಣು ಇರಲೇ ಇಲ್ಲ.

ಲಿಯಾಖತ್ ಬಂದಾಗ ಕೇಳಿದೆ. ಅವನು ತಲೆ ತಗ್ಗಿಸಿದ.

"ನಾನು ಬಾಗ್ಲಲ್ಲೇ ಇದ್ದೆ ಅಕ್ಕಾ. ದೊಡ್ಡೋರು ಎಲ್ಲಾ ಪೀಪಾಯಿಗೂ ಮೇಲೇ ಕುಂಕುಮ ಇಟ್ರು. ಇದರ ಹತ್ರ ಬಂದು ನಿಂತ್ಬಿಟ್ರು. ಬಿರಡೆ ತೆಗ್ದು, ರಮಣಾ ರಮಣಾ ಅಂತ ಅಣ್ಣನ ಹೆಸರು ಹೇಳ್ಕೊಂಡು ತೀರ್ಥ ಬಿಟ್ಟು, ಕರ್ಪೂರದ ಡಬ್ಬೀಲಿ ಇದ್ದಿದ್ದೆಲ್ಲ ಒಳಗೆ ಸುರಿದ್ರು. ನಿಮಗೆ ಗೊತ್ತಿದ್ದೇ ಮಾಡ್ತಾವ್ರೆ ಅಂದ್ಕೊಂಡೆ."

"ತಡೀಬಾರ್ದಿತ್ತಾ ಲಿಯಾಖತ್ ಅಣ್ಣ?"

"ಪೂಜೆ ನಡೀತಿತ್ತು ಅಕ್ಕಾ. ನಾನು ಹೆಂಗೆ ಹೋಗಿ ಕೈ ಹಿಡೀಲಿ? ನೀವೇ ಹೇಳಿ."

ನನಗೆ ಒಂದು ಕಾರಣ, ಅವನಿಗೆ ಒಂದು ಕಾರಣ. ಆ ಪೀಪಾಯಿಯ ಒಳಗೇನಿದೆ ಎಂದು ತಿಳಿದಿದ್ದ ಇಬ್ಬರೂ ಬಾಗಿಲಿನಿಂದ ಆಚೆಗೆ ಇದ್ದೆವು.

ಕುದಿಯುತ್ತಾ ಮಾವನ ಹತ್ತಿರ ಹೋದೆ. ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಎಂಬತ್ತೆರಡು ವರ್ಷದ ಮುದುಕ. ಮಗ ಸತ್ತ ಮೇಲೆ ಅವರ ಮುಖದಲ್ಲಿ ಒಂದು ದಿನವೂ ಗೆಲುವು ಕಂಡಿರಲಿಲ್ಲ. ಆ ದಿನ ಕಂಡಿತು.

"ಬಾಮ್ಮ ಸುನಂದಮ್ಮ" ಎಂದರು. "ನಿನ್ನೆ ನನ್ನ ಕೂಸಿಗೆ ತೀರ್ಥ ಕೊಟ್ಟೆ ಕಣಮ್ಮ. ಪ್ರಾಣ ಹೋಗೋವಾಗ ಅವನ ಬಾಯಿಗೆ ಒಂದು ಹನಿ ಬಿಡೋಕೆ ಆಗ್ಲಿಲ್ಲ. ಬೋರ್‌ವೆಲ್ ಹತ್ರ ಬಿದ್ದು ಹೋದ. ಅದು ನನ್ನ ಎದೇಲಿ ಮುಳ್ಳಾಗಿ ಕೂತಿತ್ತು. ಅವನ ಪೀಪಾಯಿಗೆ ಕೊಟ್ಟೆ, ಅವನಿಗೇ ಕೊಟ್ಟಂಗಾಯ್ತು. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು."

ಬಿಸಿತುಪ್ಪ ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಉಗುಳುವುದೇ ಕಸುಬಾದವಳು ಆ ದಿನ ನುಂಗಿದೆ. "ಕಾಫಿ ತರ್ಲಾ ಮಾವ" ಎಂದು ಕೇಳಿ ಒಳಗೆ ಬಂದೆ.

ವೈನಿನಿಂದ ಆ ವಾಸನೆಯನ್ನು ತೆಗೆಯಲು ಏನೇನು ಮಾಡಬಹುದೋ ಎಲ್ಲ ಮಾಡಿದೆ. ಒಂದು ಜಗ್ಗು ತೆಗೆದು ಇದ್ದಿಲು ಪುಡಿ ಹಾಕಿ ಸೋಸಿದೆ. ಬಣ್ಣ ಹೋಯಿತು, ನೇರಳೆ ಹೋಯಿತು, ಕರ್ಪೂರ ಉಳಿಯಿತು. ಇನ್ನೊಂದು ಜಗ್ಗನ್ನು ಗಾಳಿಗಿಟ್ಟೆ, ಹುಳಿಯಾಯಿತು. ಹದಿನೈದು ದಿನ ಹೀಗೆ ಒದ್ದಾಡಿ ಅನಿಲನಿಗೆ ಎಲ್ಲವನ್ನೂ ಹೇಳಿದೆ. "ಇದನ್ನ ಮಾರ್ಬೇಡಪ್ಪ. ಮಾವನಿಗೆ ಗೊತ್ತಾಗದ ಹಂಗೆ ಚರಂಡಿಗೆ ಬಿಟ್ಬಿಡಾಣ. ನಿಮ್ಮಣ್ಣನ ಹೆಸರಲ್ಲಿ ಇದು ಹೋಗೋದು ಬೇಡ."

ಅನಿಲ ಗ್ಲಾಸನ್ನು ಮೂಸಿ ನೋಡಿದ. ಅವನ ಮೂಗಿಗೆ ಪೆಟ್ರೋಲಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯುವುದಿಲ್ಲ. "ಚೆನ್ನಾಗೇ ಇದೆಯಲ್ಲ ಅತ್ತಿಗೆ. ಸ್ವಲ್ಪ ತಾಳಿ. ಮುಂದಿನ ವಾರ ಒಬ್ರು ಬರ್ತಾರೆ, ಅವರ ಮುಂದೆ ಇಡೋಣ. ಅವರು ಕೆಟ್ಟಿದೆ ಅಂದ್ರೆ ಚೆಲ್ಲೋಣ" ಎಂದ. ಅದಕ್ಕೆ ಒಪ್ಪಿದೆ. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವ ಮೂಗು ನನ್ನದೊಂದೇ ಅಲ್ಲ, ಬೆಂಗಳೂರಿನಲ್ಲೂ ಒಂದಾದರೂ ಇರುತ್ತದೆ ಎಂದು ನಂಬಿದ್ದೆ.

ಬಂದವನು ಯಾವುದೋ ದೊಡ್ಡ ಹೋಟೆಲಿಗೆ ವೈನ್ ಆರಿಸಿಕೊಡುವವನು. ನಲವತ್ತು ವರ್ಷವಿರಬಹುದು, ಮೆತ್ತಗಿನ ಮಾತು. ಶೆಡ್ಡಿನಲ್ಲಿ ಮೇಜು ಹಾಕಿ ನಾನೇ ಗ್ಲಾಸುಗಳನ್ನು ಇಟ್ಟೆ. ಉಳಿದವನ್ನೆಲ್ಲ ಮೂಸಿ, ಉಗಿದು, ತಲೆಯಾಡಿಸಿ, ಕೊನೆಗೆ ಆ ಪೀಪಾಯಿಯ ಗ್ಲಾಸನ್ನು ಎತ್ತಿಕೊಂಡ. ಮೂಸಿದ. ಕಣ್ಣು ಮುಚ್ಚಿದ. ಮತ್ತೆ ಮೂಸಿದ. ಈಗ ಮುಖ ಕಿವುಚುತ್ತಾನೆ ಎಂದು ನಾನು ಸೆರಗು ಬಿಗಿಹಿಡಿದು ಕಾಯುತ್ತಿದ್ದೆ.

"ಮೇಡಂ, ಇಲ್ಲಿ ಹತ್ರ ಎಲ್ಲಾದ್ರೂ ಯೂಕಲಿಪ್ಟಸ್ ಇದ್ಯಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅನಿಲ ಕಿಟಕಿಯ ಹತ್ತಿರ ಹೋಗಿ ರಸ್ತೆಯಾಚೆಯ ತೋಪನ್ನು ತೋರಿಸಿದ. ಆತ ಎದ್ದು ಬಂದು ಆ ಮರಗಳನ್ನು ದೇವರನ್ನು ನೋಡುವ ಹಾಗೆ ನೋಡಿದ. ಎಲೆಯ ಎಣ್ಣೆ ಗಾಳಿಯಲ್ಲಿ ಬರುತ್ತದೆ, ಸಿಪ್ಪೆಯ ಮೇಲೆ ಕೂರುತ್ತದೆ, ಇದು ಜಾಗದ ಗುಣ, ದುಡ್ಡು ಕೊಟ್ಟರೂ ಸಿಗುವುದಿಲ್ಲ, ಇಷ್ಟು ಸ್ಪಷ್ಟವಾಗಿ ಬಂದದ್ದನ್ನು ಈ ದೇಶದಲ್ಲಿ ತಾನು ಕಂಡಿಲ್ಲ ಎಂದೆಲ್ಲ ಹೇಳಿದ. ಮುನ್ನೂರು ಬಾಟಲಿಯೂ ತನಗೇ ಬೇಕೆಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನೋಣವೆಂದರೆ ಅವನು ಕತ್ತೆಯೂ ಅಲ್ಲ. ನನ್ನ ಗಂಡ ಯಾವ ಪುಸ್ತಕ ಓದಿ ನಾಲ್ಕು ಸಾಲು ಹಣ್ಣನ್ನು ಹಸುವಿಗೆ ಹಾಕಿಸುತ್ತಿದ್ದರೋ, ಇವನೂ ಅದನ್ನೇ ಓದಿದ್ದ. ಓದಿದ್ದು ಒಂದೇ. ಒಬ್ಬರಿಗೆ ಅದು ರೋಗ, ಇನ್ನೊಬ್ಬನಿಗೆ ವರ.

"ಅದು ನೀಲಗಿರಿ ಅಲ್ಲ" ಎಂದು ಬಾಯಿಗೆ ಬಂದಿತ್ತು. ಅಷ್ಟು ಹೇಳಿದರೆ ಮತ್ತೇನು ಎಂದು ಅವನು ಕೇಳುತ್ತಾನೆ. ಕರ್ಪೂರ ಎಂದರೆ ಯಾರು ಹಾಕಿದ್ದು ಎನ್ನುತ್ತಾನೆ. ಶೆಡ್ಡಿನ ಬಾಗಿಲಾಚೆ ಕಲ್ಲುಬೆಂಚಿನ ಮೇಲೆ ಮಾವ ಕೋಲಿನ ಮೇಲೆ ಗದ್ದ ಊರಿಕೊಂಡು, ಮಗನ ವೈನಿಗೆ ಏನನ್ನುತ್ತಾರೋ ಎಂದು ಕಾಯುತ್ತಿದ್ದರು. ಖಾಲಿ ಗ್ಲಾಸುಗಳನ್ನು ಎತ್ತಿಕೊಂಡೆ.

ಸಂಜೆ ಅನಿಲನೊಂದಿಗೆ ಜಗಳವಾಡಿದೆ. ಹದಿನೈದು ವರ್ಷದಲ್ಲಿ ಅವನ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಎಲೆ ಚಿತ್ರ ಹಾಕ್ತೀನಿ ಅಂದ್ಯಂತೆ?"

"ಎಲೆಯಿಂದಾನೇ ಬಾಟ್ಲಿ ಹೋಗೋದು ಅತ್ತಿಗೆ. ಅವರೇ ಹೇಳವ್ರೆ."

"ಹಂಗಾದ್ರೆ ನಿಮ್ಮಣ್ಣನ ಹೆಸರು ತೆಗಿ. ಹೆಸರು ಬೇಕಾದ್ರೆ ಎಲೆ ತೆಗಿ. ಎರಡೂ ಒಂದೇ ಕಾಗದದ ಮೇಲೆ ಇರ್ಬಾರ್ದು."

"ಹೆಸರು ಇರ್ಲಿ ಅನ್ನೋದು ಅಪ್ಪನಿಗೂ ಆಸೆ. ತೆಗೀತೀನಿ, ಯಾಕೆ ಅಂತ ಅವರು ಕೇಳಿದ್ರೆ ನೀವೇ ಹೇಳಿ." ಅವನು ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೇ ಹೇಳಿದ. "ಅಣ್ಣ ಇಲ್ಲ ಅಂತ ನನಗೂ ದುಃಖ ಇದೆ ಅತ್ತಿಗೆ. ಆದ್ರೆ ಕರ್ಪೂರ ಹಾಕಿದ್ದು ನಾನಲ್ಲ. ಬಂದಿದ್ದನ್ನ ಚೆಲ್ಲು ಅಂತೀರಾ?"

ನಾನು ದುಂಡಗೆ ಬರೆದುಕೊಟ್ಟ ಕಾಗದ ಎಲ್ಲಿ ಹೋಯಿತೋ ತಿಳಿಯದು. ಜನವರಿಯಲ್ಲಿ ಲೇಬಲ್ಲು ಅಂಟಿಸಿದ ಬಾಟಲಿಗಳು ಸಿದ್ಧವಾದವು. ಅನಿಲ ಮೊದಲ ಬಾಟಲಿಯನ್ನು ತಂದು ಹೊಸ್ತಿಲಾಚೆ, ಮಾವನ ಮುಂದೆ ಸ್ಟೂಲಿನ ಮೇಲಿಟ್ಟು ಕಾಲಿಗೆ ನಮಸ್ಕಾರ ಮಾಡಿದ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಹೆಸರು ಯಾವುದು ಎಂದು ಬೆರಳಿಟ್ಟು ತೋರಿಸಿಕೊಂಡರು. ಆಮೇಲೆ ಬೆರಳು ಮೇಲಕ್ಕೆ ಹೋಯಿತು.

"ಇದು ನೀಲಗಿರಿ ಎಲೆ ಅಲ್ವೇನೋ?"

"ಹೂಂ ಅಪ್ಪಾ. ವೈನಲ್ಲಿ ಅದೇ ವಾಸ್ನೆ ಬಂದಿದೆ. ಅದಕ್ಕೇ ಅವರು ಅಷ್ಟು ಇಷ್ಟಪಟ್ಟಿದ್ದು" ಎಂದ ಅನಿಲ. ಅಷ್ಟರಲ್ಲಿ ಕೋಲಾರದಿಂದ ಫೋನು ಬಂತು, ಮಾತಾಡುತ್ತಾ ಗೇಟಿನ ಕಡೆ ಹೋದ.

ಮಾವ ಎಲೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಆಮೇಲೆ ಅವರ ಜೀವಮಾನದಲ್ಲಿ ಮಾಡದ ಒಂದು ಕೆಲಸ ಮಾಡಿದರು. "ಇದನ್ನ ತೆಗಿಯಮ್ಮ. ಕುಡಿಯಲ್ಲ. ವಾಸ್ನೆ ನೋಡ್ತೀನಿ" ಎಂದರು. ತೆಗೆದೆ. ಗ್ಲಾಸು ಬೇಡವೆಂದು ಬಾಟಲಿಯ ಬಾಯನ್ನೇ ಮೂಗಿಗೆ ಹಿಡಿದರು.

ಅರವತ್ತು ವರ್ಷ ಪ್ರತಿ ಶನಿವಾರ ಅಂಗೈಯಲ್ಲಿ ಹಿಡಿದು ಕುಡಿದ ವಾಸನೆ. ಬೆಂಗಳೂರಿನವನಿಗೆ ತಿಳಿಯಲಿಲ್ಲ, ಅವರಿಗೆ ತಿಳಿಯದೆ ಇರುತ್ತದೆಯೇ. ಬಾಟಲಿಯನ್ನು ನನ್ನ ಕಡೆ ಚಾಚಿದರು. ನಾನು ಬಾಟಲಿಯನ್ನು ತೆಗೆದುಕೊಂಡೆ. ಮಾವ ನನ್ನ ಮುಖ ನೋಡಿದರು.

"ಸುನಂದಮ್ಮ. ಇದು ನಾನು ಹಾಕಿದ್ದಲ್ವಾ? ನನ್ನ ಕರ್ಪೂರ ಅಲ್ವಾ ಇದು? ಅವನ ವೈನ್‌ನ ನಾನು ಕೆಡಿಸಿದ್ನಾ?"

ಮೂರು ತಿಂಗಳಿನಿಂದ ಆ ಮಾತಿಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಹೌದು, ನೀವೇ ಕೆಡಿಸಿದಿರಿ. ಬದುಕಿದ್ದಾಗ ನೀಲಗಿರಿ ನೆಟ್ಟು ಅವರ ಬಾವಿ ಕೆಡಿಸಿದಿರಿ, ಸತ್ತ ಮೇಲೆ ತೀರ್ಥ ಕೊಟ್ಟು ಅವರ ಪೀಪಾಯಿ ಕೆಡಿಸಿದಿರಿ. ಪಾತ್ರೆ ಉಜ್ಜುವಾಗ, ಸೀರೆ ಹಿಂಡುವಾಗ ಎಷ್ಟು ಸಲ ಈ ಮಾತನ್ನು ಹೇಳಿಕೊಂಡಿದ್ದೆನೋ ಲೆಕ್ಕವಿಲ್ಲ. ಈಗ ಅವರೇ ಕೇಳುತ್ತಿದ್ದಾರೆ. ಆದರೆ ಆ ಕಣ್ಣು. ಮಗನಿಗೆ ತೀರ್ಥ ಕೊಟ್ಟೆ ಎನ್ನುವುದೊಂದೇ ಆ ಮುದುಕನಿಗೆ ಉಳಿದಿತ್ತು. ಅದನ್ನೂ ಕಿತ್ತುಕೊಂಡು ನಾನು ಏನು ಮಾಡಲಿ?

"ಅಲ್ಲ ಮಾವ" ಎಂದೆ. "ಕರ್ಪೂರದ ವಾಸ್ನೆ ಒಂದೇ ವಾರಕ್ಕೆ ಹೋಯ್ತು. ಇದು ನೀಲಗಿರೀದೇ. ರಸ್ತೆ ಆಚೆ ತೋಪಿಂದ ಗಾಳೀಲಿ ಬಂದಿರೋದು."

"ನಿಜವಾಗ್ಲೂ?"

"ನನ್ನ ಮೂಗು ಯಾವತ್ತು ಸುಳ್ಳು ಹೇಳಿದೆ ಮಾವ?"

ಅವರು ದೊಡ್ಡದೊಂದು ಉಸಿರು ಬಿಟ್ಟರು. ಕೋಲನ್ನು ಗೋಡೆಗೆ ಒರಗಿಸಿ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡರು. ನನಗೂ ಎದೆ ಹಗುರವಾಯಿತು, ಒಂದು ಗಳಿಗೆ. ಆಮೇಲೆ ಅವರ ಮುಖದಲ್ಲಿ ಮೆಲ್ಲಗೆ ಇನ್ನೇನೋ ಮೂಡಿತು. ನಗು. ನಾನು ಆ ಮನೆಗೆ ಬಂದ ಹೊಸತರಲ್ಲಿ, ವಾದದಲ್ಲಿ ಮಗನನ್ನು ಸೋಲಿಸಿದಾಗ ನಗುತ್ತಿದ್ದ ನಗು.

"ನೋಡ್ದಾ" ಎಂದರು. "ನಾನು ಅವತ್ತೇ ಹೇಳ್ದೆ. ಆ ಗಿಡ ಕೆಟ್ಟದ್ದಲ್ಲ ಕಣೋ ಅಂತ. ಕೇಳ್ಲಿಲ್ಲ ಅವನು. ಹಟಕ್ಕೆ ಬಿದ್ದು ಆರು ಎಕರೆ ಕಿತ್ತಾಕ್ದ. ಕೊನೇಗೆ ಅದೇ ಗಿಡ ಅವನ ಕೈ ಹಿಡೀತು. ಪೋನೀಲೇ, ಹೋಗ್ಲಿ ಬಿಡು, ಈಗ ಅವನಿಗೂ ಮೇಲೆ ಗೊತ್ತಾಗಿರ್ತದೆ."

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮುದುಕನ ಎದೆಯ ಮುಳ್ಳು ಕೀಳಲು ಹೋಗಿ, ಸತ್ತವರ ಜೀವಮಾನದ ಜಗಳವನ್ನು ನನ್ನ ಕೈಯಾರೆ ಸೋಲಿಸಿಕೊಟ್ಟಿದ್ದೆ. ಅವರ ಪರವಾಗಿ ಮಾತಾಡಲು ಈ ಲೋಕದಲ್ಲಿ ಇದ್ದವಳು ನಾನೊಬ್ಬಳು, ನಾನೇ ಎದುರಾಳಿಗೆ ಸಾಕ್ಷಿ ಹೇಳಿದ್ದೆ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇರಲಿಲ್ಲ.

ಅಲ್ಲಿಂದ ಮುಂದೆ ಮಾವ ಬದಲಾದರು. ಊಟ ಹೆಚ್ಚಾಯಿತು, ಓಡಾಟ ಹೆಚ್ಚಾಯಿತು. ಶನಿವಾರ ಗಿರಾಕಿಗಳು ಬಂದರೆ ಜಗಲಿಯಿಂದ ಇಳಿದು ತಾವೇ ಮುಂದಾಗಿ, ಇಲ್ಲಿ ಮೊದಲು ಆರು ಎಕರೆ ನೀಲಗಿರಿ ಇತ್ತು, ನಾನೇ ನೆಡಿಸಿದ್ದು, ಅದರ ಸತ್ವ ಈ ಮಣ್ಣಲ್ಲಿ ಇನ್ನೂ ಇದೆ ಎಂದು ಹೇಳುತ್ತಾರೆ. ಬಂದವರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಬಾವಿ ಬತ್ತಿದ ಮಾತು ಆ ಕಥೆಯಲ್ಲಿ ಬರುವುದಿಲ್ಲ. ನಾನು ಗ್ಲಾಸು ತೊಳೆಯುತ್ತಾ ಕೇಳಿಸಿಕೊಳ್ಳುತ್ತೇನೆ.

ಮೊನ್ನೆ ಅಮಾವಾಸ್ಯೆ. ನಮ್ಮನೆಯವರು ಹೋದ ಮೇಲೆ ಬೇಲಿ ಮೂಲೆಯ ಮೋಟನ್ನು ಸವರುವ ಕೆಲಸ ಲಿಯಾಖತ್ ಮಾಡುತ್ತಿದ್ದ. ಆ ದಿನ ಅವನು ಮಚ್ಚನ್ನು ಹಾಗೇ ಹಿಡಿದುಕೊಂಡು ಹಿತ್ತಲಿಗೆ ಬಂದ.

"ಅಕ್ಕಾ, ಕಡೀಬೇಡ ಅಂದ್ರು ದೊಡ್ಡೋರು. ಹೋದ ತಿಂಗಳೂ ಬಿಡಿಸಿದ್ರು. ನಿಮಗೆ ಹೇಳೋಕೆ ನನಗೆ ಮನಸ್ಸು ಬರ್ಲಿಲ್ಲ" ಎಂದ.

ಅವನ ಕೈಯಿಂದ ಮಚ್ಚು ಕಿತ್ತುಕೊಂಡು ನಾನೇ ಹೊರಟೆ. ಬಳ್ಳಿಯ ಸಾಲುಗಳ ನಡುವೆ ನಡೆಯುತ್ತಾ ನಿಶ್ಚಯ ಮಾಡಿಕೊಂಡೆ. ಇವತ್ತು ಆ ಚಿಗುರನ್ನು ಬುಡಸಮೇತ ಕತ್ತರಿಸುವುದು, ಮಾವ ಯಾಕೆ ಎಂದರೆ ಎಲ್ಲವನ್ನೂ ಹೇಳಿಬಿಡುವುದು, ಆದದ್ದಾಗಲಿ.

ಮೂಲೆಗೆ ಬಂದರೆ ಮಾವ ಅಲ್ಲೇ ಇದ್ದರು. ಮೋಟಿನ ಸುತ್ತ ಕಲ್ಲು ಜೋಡಿಸಿ ಪಾತಿ ಮಾಡಿದ್ದರು. ಎರಡು ತಿಂಗಳು ಕಡಿಯದ ಚಿಗುರು ಎದೆಯೆತ್ತರ ಬೆಳೆದು ಬಿಸಿಲಿಗೆ ಮಿರುಗುತ್ತಿತ್ತು. ಆ ಪ್ರಾಯದಲ್ಲಿ, ಆ ನಡುಗುವ ಕೈಯಲ್ಲಿ, ತೊಟ್ಟಿಯಿಂದ ಅಲ್ಲಿಯವರೆಗೆ ಚೊಂಬಿನಲ್ಲಿ ನೀರು ತಂದು ಹುಯ್ಯುತ್ತಿದ್ದರು. ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿತ್ತು. ನನ್ನ ಕೈಯ ಮಚ್ಚನ್ನು ನೋಡಿದರು. ಬೈಯಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು.

"ಬಿಡಮ್ಮ, ಕಡೀಬೇಡ. ನಿಮಗಂತೂ ಮಕ್ಕಳಾಗ್ಲಿಲ್ಲ. ಇದರಿಂದಾನೇ ಅಲ್ವಾ ಈಗ ಅವನ ಹೆಸರು ಉಳಿದಿರೋದು?"

ಕಟ್ಟಿಕೊಂಡು ಬಂದ ಮಾತನ್ನು ಹೇಳಿದರೆ ಈ ಮುದುಕ ಇಲ್ಲೇ ಕುಸಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಏನಾಗುತ್ತದೆ ಎಂಬುದು ಕಣ್ಣೆದುರಿಗೇ ಎದೆಯೆತ್ತರ ನಿಂತಿತ್ತು.

"ಹೂಂ ಮಾವ" ಎಂದೆ.

ಮಚ್ಚನ್ನು ಬೇಲಿಯ ಕಲ್ಲಿನ ಮೇಲಿಟ್ಟೆ. ಅವರ ಕೈಯಿಂದ ಚೊಂಬನ್ನು ಈಸಿಕೊಂಡು, ಉಳಿದ ನೀರನ್ನು ಅದರ ಬುಡಕ್ಕೆ ನಾನೇ ಹುಯ್ದೆ.